ಇಷ್ಟೊಂದ್ ಹುಲ್ಲದ, ದನ ಎಲ್ಲಿ?

ಮಸಾಯಿ ಮಾರಾದಿಂದ ವಾಪಸ್ ಬಂದ ಎರಡನೇ ವಾರ ಊರಿಗೆ ಹೋಗಿದ್ದೆ. ಎಂಟು ದಿನದಲ್ಲಿ ತೆಗೆದ ಹನ್ನೊಂದು ಸಾವಿರ ಚಿಲ್ಲರೆ ಫೋಟೋಗಳಲ್ಲಿ ಎಂಬತ್ತನ್ನು ಆರಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೆ. ರಾತ್ರಿ ಊಟ ಆದಮೇಲೆ ಜಗಲಿ ಮೇಲೆ ಕೂತು ಅಪ್ಪನಿಗೆ ಒಂದೊಂದಾಗಿ ತೋರಿಸಿದೆ. ಸಿಂಹ ಬಂತು, ಅಪ್ಪ 'ಹ್ಞೂಂ' ಅಂದ. ಚೀತಾ ಬಂತು, 'ನಮ್ ಚಿರತೆಗಿಂತ ಸಣ್ಕಲು' ಅಂದ. ಆನೆ ಬಂದಾಗ ಮಾತ್ರ ಸ್ವಲ್ಪ ಮುಂದಕ್ಕೆ ಬಾಗಿ ಕಿವಿ ನೋಡಿದ. ಮೂವತ್ತೋ ನಲವತ್ತೋ ಫೋಟೋ ಆದಮೇಲೆ ನನ್ನ ಕೈ ತಡೆದು ಕೇಳಿದ:

'ಅಲ್ಲ ಕಣ್ಲಾ, ಇಷ್ಟೊಂದ್ ಹುಲ್ಲದ, ದನ ಎಲ್ಲಿ?'

'ಅಲ್ಲಿ ದನ ಬಿಡಲ್ಲ ಅಪ್ಪ.'

'ಬಿಡಲ್ಲ ಅಂದ್ರೆ? ಮೊದ್ಲು ಬಿಡ್ತಿದ್ರಾ?'

ನಮ್ಮೂರು ಬಂಡೀಪುರದ ಅಂಚಿನಲ್ಲಿದೆ. ಕಾಡಿನೊಳಗೆ ಮೇಯಿಸೋದು ನಿಂತಮೇಲೆ ಅಪ್ಪ ಒಂದೊಂದೇ ದನ ಮಾರಿದವನು. ಅವನು ಕುಹಕಕ್ಕೆ ಕೇಳಿದ್ದಲ್ಲ. ಹುಲ್ಲು ಕಂಡರೆ ದನ ನೆನಪಾಗೋದು ಅವನ ಅಭ್ಯಾಸ. ಆದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಮಾರಾದಲ್ಲಿ ನಾನು ದನ ನೋಡಿದ್ದೆ, ಕಾಯುವ ಹುಡುಗನನ್ನೂ ನೋಡಿದ್ದೆ, ಫೋಟೋ ಕೂಡ ತೆಗೆದಿದ್ದೆ. ಆಮೇಲೆ ಕ್ರಾಪ್ ಮಾಡಿದ್ದೆ.

ಆ ಕ್ರಾಪ್ ಬಗ್ಗೆ ಈ ಲೇಖನ. ನನ್ನದೊಂದರ ಬಗ್ಗೆ ಮಾತ್ರ ಅಲ್ಲ. ಆಫ್ರಿಕಾದ ಸಫಾರಿ ಫೋಟೋ ಅನ್ನೋ ಇಡೀ ಪ್ರಕಾರದ ಬಗ್ಗೆ.

ಮೊದಲು ಪ್ರಕಾರದ ಲಕ್ಷಣ ನೋಡೋಣ. ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ಅರ್ಧ ಐಟಿ ಕಂಪನಿಗಳ ವಾಟ್ಸಾಪ್ ಗ್ರೂಪುಗಳಲ್ಲಿ ಇದೇ ಐದು ಚಿತ್ರ ಓಡಾಡುತ್ತವೆ. ಒಂದು, ಮಾರಾ ನದಿಗೆ ಧುಮುಕುತ್ತಿರುವ ವೈಲ್ಡ್‌ಬೀಸ್ಟ್. ಎರಡು, ಚೌಕಟ್ಟಿನ ತುಂಬ ಗಂಡು ಸಿಂಹದ ಮುಖ, ಆದಷ್ಟು ಕೇಸರಕ್ಕೆ ಗಾಳಿ. ಮೂರು, ಹುತ್ತದ ಮೇಲೆ ನಿಂತು ದೂರ ನೋಡುವ ಚೀತಾ. ನಾಲ್ಕು, ಒಂಟಿ ಅಕೇಸಿಯಾ ಮರದ ಹಿಂದೆ ಮುಳುಗೋ ಸೂರ್ಯ. ಐದು, ಒಣ ಕಡ್ಡಿಯ ಮೇಲೆ ಕೂತ ಲೈಲಾಕ್ ಬ್ರೆಸ್ಟೆಡ್ ರೋಲರ್, ನಮ್ಮ ನೀಲಕಂಠದ ಆಫ್ರಿಕನ್ ದಾಯಾದಿ. ಹಕ್ಕಿಗೆ ಸಿಗೋದು ಈ ಐದನೇ ಸ್ಥಾನವೇ. ಸಿಂಹ ಮಲಗಿದ್ದಾಗ, ಬೇರೇನೂ ಸಿಗದಿದ್ದಾಗ ತೆಗೆಯೋದು.

ಈ ಐದರಲ್ಲೂ ಸಮಾನವಾದದ್ದು ಪ್ರಾಣಿ ಅಲ್ಲ, ಖಾಲಿ ಜಾಗ. ಗಾಡಿ ಇಲ್ಲ, ರಸ್ತೆ ಇಲ್ಲ, ಬೇಲಿ ಇಲ್ಲ, ಮನುಷ್ಯ ಇಲ್ಲ, ದನ ಇಲ್ಲ. ಪ್ರಪಂಚ ಹುಟ್ಟಿದ ಮೊದಲ ಬೆಳಗ್ಗೆ ಯಾರೋ ನಿಂತು ತೆಗೆದ ಹಾಗೆ.

ಈಗ ಮೊದಲನೇ ಚಿತ್ರ ನಾನು ಹೇಗೆ ತೆಗೆದೆ ಅಂತ ಹೇಳ್ತೀನಿ. ಬೆಳಗ್ಗೆ ಎಂಟಕ್ಕೆ ನಮ್ಮ ಡ್ರೈವರ್‌ನ ರೇಡಿಯೋದಲ್ಲಿ ಏನೋ ಗೊರಗೊರ ಕೇಳಿತು. ಲ್ಯಾಂಡ್‌ಕ್ರೂಸರ್ ತಿರುಗಿತು. ನದಿ ದಂಡೆಯ ಪೊದೆಗಳ ಹಿಂದೆ ಆಗಲೇ ಗಾಡಿಗಳ ಸಾಲು ಅಡಗಿ ನಿಂತಿತ್ತು. ಆಚೆ ದಂಡೆಯಲ್ಲಿ ಸಾವಿರಾರು ವೈಲ್ಡ್‌ಬೀಸ್ಟ್. ನೀರಿನವರೆಗೆ ಬರ್ತವೆ, ಹಿಂದೆ ಸರೀತವೆ. ಮೂರು ಗಂಟೆ ಹೀಗೇ. ಆಮೇಲೆ ಒಂದು ಇಳಿಯಿತು. ಅದರ ಕಾಲು ನೀರಿಗೆ ತಾಗಿದ್ದೇ ತಡ, ಅಡಗಿದ್ದ ಗಾಡಿಗಳೆಲ್ಲ ಒಮ್ಮೆಲೇ ಇಂಜಿನ್ ಶುರು ಮಾಡಿ ದಂಡೆಗೆ ನುಗ್ಗಿದವು. ನಾನು ಎಣಿಸಿದ್ದು 52 ಗಾಡಿ. ಧೂಳು, ಕೂಗಾಟ, ಸೆಕೆಂಡಿಗೆ 20 ಫ್ರೇಮಿನ ಶಟರ್ ಸದ್ದು. ಹತ್ತಿ ಬರಬೇಕಾದ ದಾರಿಯಲ್ಲೇ ಎರಡು ಗಾಡಿ ನಿಂತಿದ್ದರಿಂದ ಹಿಂಡಿನ ಒಂದು ಭಾಗ ತಿರುಗಿ ಮತ್ತೆ ನೀರಿಗೆ ಬಿತ್ತು. ನನ್ನ ಫೋಟೋದಲ್ಲಿ ಒಂದು ವೈಲ್ಡ್‌ಬೀಸ್ಟ್ ಗಾಳಿಯಲ್ಲಿ ತಿರುಚಿಕೊಂಡು ಹಾರಿದೆ. ನೋಡಿದವರೆಲ್ಲ 'ಎಂಥಾ ಡ್ರಾಮಾ!' ಅಂದರು. ಅದು ಹಾಗೆ ತಿರುಚಿಕೊಂಡದ್ದು ಮೊಸಳೆಗೆ ಹೆದರಿ ಅಲ್ಲ, ಬಿಳಿ ಬಣ್ಣದ ಒಂದು ಮಿನಿವ್ಯಾನಿಗೆ ಹೆದರಿ.

ಫೋಟೋ ಕೆಳಗೆ ನಾವು ಏನು ಬರೀತೀವಿ? 1/2000 ಸೆಕೆಂಡು, ಎಫ್ 5.6, ಐಎಸ್‌ಒ 800. ಕ್ಯಾಮೆರಾ ಪ್ರತಿ ಫೈಲಿನಲ್ಲೂ ಎಕ್ಸಿಫ್ ಅಂತ ಒಂದು ದಾಖಲೆ ಬರೆದಿಡುತ್ತೆ, ಅದರಿಂದ ಎತ್ತಿದ್ದು. ಲೆನ್ಸ್ ಯಾವುದು, ಫೋಕಲ್ ಲೆಂಗ್ತ್ ಎಷ್ಟು, ಎಷ್ಟು ಹೊತ್ತಿಗೆ ತೆಗೆದದ್ದು ಎಲ್ಲ ಇರುತ್ತೆ. ಸುತ್ತ ಗಾಡಿ ಎಷ್ಟಿದ್ದವು ಅನ್ನೋ ಕಾಲಂ ಇಲ್ಲ.

ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು ಅಂತ ಸೂಸನ್ ಸೊಂಟಾಗ್ 1977ರಷ್ಟು ಹಿಂದೆಯೇ ಬರೆದಿದ್ದರು. ಈಗ ಅದು ಎಲ್ಲರೂ ಹೇಳೋ ಮಾತು. 'ಬಿಗ್ ಫೈವ್' ಅನ್ನೋದೇ ಬೇಟೆಯವರ ಪಟ್ಟಿ: ನೆಲದ ಮೇಲೆ ನಿಂತು ಹೊಡೆಯೋಕೆ ಅತ್ಯಂತ ಅಪಾಯದ ಐದು ಪ್ರಾಣಿ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಜರ್ಮನಿಯ ಕಾರ್ಲ್ ಗೇಯೋರ್ಗ್ ಶಿಲಿಂಗ್ಸ್ 1905ರಲ್ಲಿ ತಂದ ಪುಸ್ತಕ. ಪೂರ್ವ ಆಫ್ರಿಕಾದಲ್ಲಿ ರಾತ್ರಿ ಹೊತ್ತು ಫ್ಲ್ಯಾಶ್ ಹಾಕಿ ತೆಗೆದ ಮೊದಲ ಪ್ರಸಿದ್ಧ ವನ್ಯಜೀವಿ ಚಿತ್ರಗಳು ಅದರಲ್ಲಿವೆ. ಸಿಂಹ ಬರಲಿ ಅಂತ ಆತ ಎತ್ತು, ಕತ್ತೆಗಳನ್ನು ಕಟ್ಟಿಹಾಕುತ್ತಿದ್ದ. ಅಂದರೆ ಈ ಪ್ರಕಾರದ ಆರಂಭದಲ್ಲಿ ದನ ಚೌಕಟ್ಟಿನೊಳಗೇ ಇತ್ತು, ಹಗ್ಗದ ತುದಿಯಲ್ಲಿ. ಆಮೇಲೆ ಎಲ್ಲಿ ಹೋಯಿತು?

ಒಂದು ಉತ್ತರ ಸ್ಪರ್ಧೆಗಳ ನಿಯಮಪುಸ್ತಕದಲ್ಲಿದೆ. ಅಮೆರಿಕದ ಪಿಎಸ್‌ಎ, ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿ, ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ನೇಚರ್ ಫೋಟೋಗ್ರಫಿಗೆ ಒಂದೇ ವ್ಯಾಖ್ಯೆ ಒಪ್ಪಿಕೊಂಡಿವೆ. ನಮ್ಮ ಕಡೆಯ ಸಲೂನ್ ಸ್ಪರ್ಧೆಗಳೂ ಅದನ್ನೇ ಪಾಲಿಸುತ್ತವೆ. ಅದರ ಪ್ರಕಾರ ಚಿತ್ರದಲ್ಲಿ ಮನುಷ್ಯನಿಗೆ ಸಂಬಂಧಿಸಿದ ಯಾವ ಅಂಶವೂ ಇರಬಾರದು. ಮನುಷ್ಯನ ಜಾಗಕ್ಕೆ ಒಗ್ಗಿಕೊಂಡ ಗೂಬೆ, ಕೊಕ್ಕರೆ ಥರದ ಕೆಲವಕ್ಕೆ ವಿನಾಯಿತಿ. ಇನ್ನೊಂದು ನಿಯಮ ಇನ್ನೂ ಸ್ವಾರಸ್ಯ. ಚಿತ್ರದೊಳಗಿರೋ ಮನುಷ್ಯನನ್ನು ಫೋಟೋಶಾಪಿನಲ್ಲಿ ಅಳಿಸಿದರೆ ಅದು ಮೋಸ, ಅನರ್ಹ. ಅಂಚಿನಲ್ಲಿರೋ ಮನುಷ್ಯನನ್ನು ಕ್ರಾಪ್ ಮಾಡಿ ತೆಗೆದರೆ ಸರಿ. ಅಂದರೆ ದನಗಾಹಿ ಮಧ್ಯದಲ್ಲಿ ನಿಂತಿದ್ದರೆ ಸತ್ಯ, ಮೂಲೆಯಲ್ಲಿ ನಿಂತಿದ್ದರೆ ಕಸ.

ನಿಯಮ ಮಾಡಿದವರ ಉದ್ದೇಶ ಕೆಟ್ಟದ್ದೇನಲ್ಲ. ಮೃಗಾಲಯದ ಹುಲಿ ತೋರಿಸಿ ಕಾಡು ಅನ್ನೋರನ್ನು ತಡೆಯಬೇಕಿತ್ತು. ಆದರೆ ಇದರಿಂದ ನಮ್ಮ ಕಣ್ಣೇ ತರಬೇತಾಗಿಬಿಟ್ಟಿದೆ. ವ್ಯೂಫೈಂಡರ್‌ನಲ್ಲಿ ಕೆಂಪು ಶುಕಾ ಹೊದ್ದ ಮಸಾಯಿ ಹುಡುಗ ಬಂದರೆ ಬೆರಳು ತಾನಾಗೇ ಜೂಮ್ ರಿಂಗ್ ತಿರುಗಿಸುತ್ತೆ.

ಇದು ನನ್ನಂಥ ಹವ್ಯಾಸಿಗಳ ಕಥೆ, ದೊಡ್ಡವರು ಏನು ಮಾಡಿದ್ದಾರೆ ನೋಡೋಣ ಅಂತ ಎರಡು ಹೆಸರು ತೆಗೆದುಕೊಳ್ತೀನಿ. ಇಬ್ಬರೂ ನನಗೆ ಇಷ್ಟದವರು.

ಮೊದಲನೆಯವರು ಮೈಕೇಲ್ 'ನಿಕ್' ನಿಕೋಲ್ಸ್. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2014ರ ಪ್ರಶಸ್ತಿ ಇವರ ಸೆರೆಂಗೆಟಿ ಚಿತ್ರಕ್ಕೆ ಬಂತು. ಬಯಲಿನಿಂದ ಎದ್ದ ಬಂಡೆಗುಡ್ಡದ ಮೇಲೆ ಐದು ಸಿಂಹಿಣಿಗಳು ಮರಿಗಳ ಜೊತೆ ಮಲಗಿವೆ. ಹಿಂದೆ ಬಯಲು, ಮೇಲೆ ಮೋಡ ತುಂಬಿದ ಆಕಾಶ. ಇನ್‌ಫ್ರಾರೆಡ್‌ನಲ್ಲಿ ತೆಗೆದ ಕಪ್ಪುಬಿಳುಪು ಚಿತ್ರ. ಈ ವುಂಬಿ ಗುಂಪಿನ ಹಿಂದೆ ನಿಕೋಲ್ಸ್ ಸುಮಾರು ಆರು ತಿಂಗಳು ಇದ್ದರು. ವುಂಬಿ ಅಂದರೆ ಸ್ವಾಹಿಲಿಯಲ್ಲಿ ಧೂಳು.

ಈ ಚಿತ್ರದ ದೊಡ್ಡತನ ಅದರ ಸೋಮಾರಿತನದಲ್ಲಿದೆ. ಏನೂ ಆಗ್ತಿಲ್ಲ. ಬೇಟೆ ಇಲ್ಲ, ಘರ್ಜನೆ ಇಲ್ಲ. ಸ್ವಲ್ಪ ಹೊತ್ತಿನ ಮುಂಚೆ ಇದೇ ಹೆಣ್ಣುಗಳು ಸೇರಿ ಗುಂಪಿನ ಎರಡು ಗಂಡುಗಳಲ್ಲಿ ಒಂದನ್ನು ಓಡಿಸಿದ್ದವಂತೆ, ಆ ಸುಸ್ತು ಮೈಯಲ್ಲಿ ಕಾಣುತ್ತೆ. ಮಧ್ಯಾಹ್ನದ ಊಟ ಆದಮೇಲೆ ನಮ್ಮೂರ ಹೆಂಗಸರು ಜಗಲಿಯಲ್ಲಿ ಒಬ್ಬರ ಮೈಗೆ ಒಬ್ಬರು ಒರಗಿ ಮಲಗೋ ಥರ. ಎರಡು ಗಂಟೆ ಕಾದು ಹನ್ನೊಂದು ಫೋಟೋ ಹೊಡೆದು ಮುಂದಿನ ಸೈಟಿಂಗಿಗೆ ಓಡೋ ನನ್ನಂಥವನಿಗೆ ಇದು ಸಿಗಲ್ಲ. ಪ್ರಾಣಿ ಕ್ಯಾಮೆರಾ ಮರೆಯೋಕೆ ತಿಂಗಳುಗಳು ಬೇಕು.

ಆದರೆ ಇನ್‌ಫ್ರಾರೆಡ್ ಒಂದು ಕೆಲಸ ಮಾಡುತ್ತೆ. ಧೂಳು, ಮಬ್ಬು ಎಲ್ಲ ಸೀಳಿ ಹೋಗುತ್ತೆ. ಕಾಲವನ್ನೂ ಅಳಿಸುತ್ತೆ. ಈ ಚಿತ್ರ 2011ರದ್ದೋ ಹತ್ತು ಸಾವಿರ ವರ್ಷ ಹಿಂದಿನದ್ದೋ ಗೊತ್ತಾಗಲ್ಲ. ಇದಾದ ಕೆಲವೇ ತಿಂಗಳಿಗೆ ಈ ಗುಂಪು ಪಾರ್ಕಿನ ಗಡಿ ದಾಟಿ ಆಚೆ ಹೋಯಿತು, ಮೂರು ಹೆಣ್ಣುಗಳು ಸತ್ತವು. ಕೊಂದರು. ಈ ವಿಷಯ ನಿಕೋಲ್ಸ್ ಮುಚ್ಚಿಟ್ಟಿಲ್ಲ, ಪ್ರಶಸ್ತಿಯ ಜೊತೆ ಪ್ರಕಟವಾದ ಟಿಪ್ಪಣಿಯಲ್ಲೇ ಇದೆ. ಆದರೆ ಟಿಪ್ಪಣಿಯಲ್ಲಿದೆ, ಚಿತ್ರದಲ್ಲಿಲ್ಲ. ಚಿತ್ರದಲ್ಲಿ ಬಯಲಿಗೆ ಕೊನೆಯೇ ಇಲ್ಲ. ಸಿಂಹಿಣಿಗಳಿಗೂ ಹಾಗೇ ಅನ್ನಿಸಿರಬೇಕು. ಕೊನೆ ಇತ್ತು. ಅಲ್ಲಿಂದಾಚೆ ಯಾರದೋ ದನ, ಯಾರದೋ ಸಿಟ್ಟು. ಆ ಸಿಟ್ಟಿಗೆ ಒಂದು ಮುಖ ಇರುತ್ತಲ್ಲ, ಅದನ್ನು ಈ ಪ್ರಕಾರ ಯಾವತ್ತೂ ತೋರಿಸಲ್ಲ. ಹಸು ಕಳೆದುಕೊಂಡವನ ಪೋರ್ಟ್ರೇಟ್ ಸಿಂಹದ ಪೋರ್ಟ್ರೇಟಿನ ಪಕ್ಕ ಯಾವ ಕಾಫಿ ಟೇಬಲ್ ಪುಸ್ತಕದಲ್ಲೂ ನಾನು ನೋಡಿಲ್ಲ.

ಎರಡನೆಯವರು ನಿಕ್ ಬ್ರಾಂಟ್. 1995ರಲ್ಲಿ ಮೈಕೇಲ್ ಜಾಕ್ಸನ್‌ನ 'ಅರ್ತ್ ಸಾಂಗ್' ವಿಡಿಯೋ ನಿರ್ದೇಶಿಸೋಕೆ ಟಾಂಜಾನಿಯಾಕ್ಕೆ ಹೋಗಿ ಅಲ್ಲಿನ ಪ್ರಾಣಿಗಳಿಗೆ ಮರುಳಾದವರು. 2005ರಿಂದ 2013ರ ನಡುವೆ ಬಂದ ಮೂರು ಪುಸ್ತಕಗಳಲ್ಲಿ ಟೆಲಿಫೋಟೋ ಲೆನ್ಸೇ ಬಳಸಲಿಲ್ಲ. ಪೆಂಟಾಕ್ಸ್ ಮೀಡಿಯಂ ಫಾರ್ಮ್ಯಾಟ್, ಫಿಲ್ಮು, ಪ್ರಾಣಿಯ ಹತ್ತಿರಕ್ಕೆ ಹೋಗಿ ತೆಗೆಯೋದು. 600 ಎಂಎಂ ಲೆನ್ಸ್ ಪ್ರಾಣಿಯನ್ನು ಹಿನ್ನೆಲೆಯಿಂದ ಕಿತ್ತು ತರುತ್ತೆ, ಹಿಂದೆ ಇರೋದೆಲ್ಲ ಬೆಣ್ಣೆ ಥರ ಕರಗಿರುತ್ತೆ. ಬ್ರಾಂಟ್ ಚಿತ್ರಗಳಲ್ಲಿ ಆನೆಯ ಹಿಂದೆ ಮೋಡ ಇದೆ, ಕಾಲ ಕೆಳಗೆ ಒಡೆದ ಮಣ್ಣಿದೆ. ಪ್ರಾಣಿಗೆ ಊರಿದೆ ಅಂತ ಅನ್ನಿಸುತ್ತೆ. ಆದರೂ ಅವು ಸ್ಟುಡಿಯೋ ಚಿತ್ರಗಳೇ. ಮದುವೆ ಮನೆಯ ಹಿರಿಯರ ಹಾಗೆ ಗಂಭೀರವಾಗಿ ಕೂತ ಸಿಂಹ, ಮಾಲೆಯೊಂದು ಹಾಕಿದರೆ ಗೋಡೆಗೆ ತೂಗುಹಾಕಬಹುದು. ಸಾವಿಗೆ ಮೊದಲೇ ಶ್ರದ್ಧಾಂಜಲಿ.

ಬ್ರಾಂಟ್‌ಗೆ ಅದು ಸಾಲದು ಅನ್ನಿಸಿತು ಅನ್ನೋದು ಅವರ ಹಿರಿಮೆ. 2010ರಲ್ಲಿ ಆಂಬೊಸೆಲಿ ಸುತ್ತ ಕಳ್ಳಬೇಟೆ ತಡೆಯೋಕೆ ರಿಚರ್ಡ್ ಬೊನ್ಹಮ್ ಜೊತೆ ಬಿಗ್ ಲೈಫ್ ಫೌಂಡೇಶನ್ ಕಟ್ಟಿದರು. 2016ರ 'ಇನ್ಹೆರಿಟ್ ದಿ ಡಸ್ಟ್' ಸರಣಿಯಲ್ಲಿ ತಮ್ಮ ಹಳೇ ಪ್ರಾಣಿಚಿತ್ರಗಳನ್ನು ನಿಜವಾದ ಗಾತ್ರಕ್ಕೆ ಮುದ್ರಿಸಿ ಕಸದ ಗುಡ್ಡ, ಕಲ್ಲುಕ್ವಾರಿ, ರಸ್ತೆ ಸೇತುವೆಗಳ ಕೆಳಗೆ ನಿಲ್ಲಿಸಿ ಮತ್ತೆ ಫೋಟೋ ತೆಗೆದರು. 2019ರ 'ದಿಸ್ ಎಂಪ್ಟಿ ವರ್ಲ್ಡ್'ನಲ್ಲಿ ಮಸಾಯಿಗಳ ಜಮೀನಿನಲ್ಲೇ ಪೆಟ್ರೋಲ್ ಬಂಕು, ಬಸ್ ನಿಲ್ದಾಣದ ಥರದ ಸೆಟ್ ಹಾಕಿ, ಒಂದೇ ಜಾಗದಿಂದ ಮೊದಲು ಪ್ರಾಣಿ, ಆಮೇಲೆ ಜನ ತೆಗೆದು ಎರಡನ್ನೂ ಸೇರಿಸಿದರು. ಪ್ರಕಾರದ ಅತಿದೊಡ್ಡ ನಿಯಮ ಮುರಿದರು. ಮನುಷ್ಯ ಚೌಕಟ್ಟಿನೊಳಗೆ ಬಂದ.

ಇಲ್ಲೇ ನನಗೂ ಅವರಿಗೂ ಜಗಳ. ಆ ಮನುಷ್ಯ ಹೇಗೆ ಬಂದ ನೋಡಿ. ಗುಂಪಾಗಿ ಬಂದ. ತಲೆ ತಗ್ಗಿಸಿ, ಮೊಬೈಲ್ ನೋಡುತ್ತಾ, ಬಸ್ಸಿಗೆ ಕಾಯುತ್ತಾ ಬಂದ. ಆನೆಗೆ ಮುಖ ಇದೆ, ಅವನಿಗೆ ಇಲ್ಲ. ಆತ ಕೂಡ ಬಲಿಪಶುವೇ ಅಂತ ಬ್ರಾಂಟ್ ಹೇಳುತ್ತಾರೆ, ನಂಬುತ್ತೀನಿ. ಆದರೆ ಚಿತ್ರ ಹೇಳೋದು ಅದನ್ನಲ್ಲ. ಚಿತ್ರದಲ್ಲಿ ಮನುಷ್ಯ ಬಂದಿದ್ದರಿಂದ ಆನೆಯ ಜಾಗ ಹೋಯಿತು. ಆ ಜಾಗದಲ್ಲಿ ಮೊದಲಿನಿಂದಲೂ ಆನೆ, ದನ, ಮನುಷ್ಯ ಮೂವರೂ ಇದ್ದರು ಅನ್ನೋ ಮೂರನೇ ಸಾಧ್ಯತೆ ಅಲ್ಲಿಲ್ಲ. ಸೆಟ್ ಹಾಕೋಕೆ ಜಾಗ ಸಿಕ್ಕಿದ್ದೇ ಆ ಸಾಧ್ಯತೆ ಇನ್ನೂ ಜೀವಂತ ಇರೋದರಿಂದ. ಆನೆ ನಡೆದು ಬಂದದ್ದು ಮಸಾಯಿಗಳ ದನ ಮೇಯೋ ನೆಲಕ್ಕೆ. ಅದರ ಫೋಟೋ ತೆಗೆಯೋಕೆ ಸೆಟ್ಟೇ ಬೇಕಿರಲಿಲ್ಲ.

ಈ ಖಾಲಿ ಚೌಕಟ್ಟಿನ ಬೇರು ಹುಡುಕಿದರೆ ಒಂದು ಸಿನಿಮಾ ಸಿಗುತ್ತೆ. ಫ್ರಾಂಕ್‌ಫರ್ಟ್ ಮೃಗಾಲಯದ ನಿರ್ದೇಶಕ ಬೆರ್ನಾರ್ಡ್ ಗ್ರ್ಜಿಮೆಕ್ ಮತ್ತು ಮಗ ಮಿಖಾಯೆಲ್ ಜೀಬ್ರಾ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಹಾರಿ ಸೆರೆಂಗೆಟಿಯ ಪ್ರಾಣಿಗಳನ್ನು ಎಣಿಸಿದರು. 1959ರ ಜನವರಿಯಲ್ಲಿ ರಣಹದ್ದೊಂದು ಡಿಕ್ಕಿ ಹೊಡೆದು ವಿಮಾನ ಬಿತ್ತು, ಮಿಖಾಯೆಲ್ ಸತ್ತ. ಅದೇ ವರ್ಷ ತೆರೆಕಂಡ 'ಸೆರೆಂಗೆಟಿ ಸಾಯಬಾರದು' ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಮಗನನ್ನು ಕಳೆದುಕೊಂಡ ಅಪ್ಪನ ಸಿನಿಮಾ ಅದು, ಲಘುವಾಗಿ ಮಾತಾಡೋಕೆ ಮನಸ್ಸು ಬರಲ್ಲ. ಆದರೆ ರಾಷ್ಟ್ರೀಯ ಉದ್ಯಾನದೊಳಗೆ ಯಾರೂ ವಾಸ ಮಾಡಬಾರದು, ಸ್ಥಳೀಯರು ಕೂಡ, ಅನ್ನೋದು ಗ್ರ್ಜಿಮೆಕ್ ಅವರ ಖಚಿತ ನಿಲುವು. 1959ರಲ್ಲೇ ಮಸಾಯಿಗಳು ಸೆರೆಂಗೆಟಿ ಬಿಟ್ಟು ಹೊರಟರು. ಪಕ್ಕದ ಗೊರೊಂಗೊರೊದಲ್ಲಿ ಇರಬಹುದು ಅಂತ ಆಗ ಮಾತು ಕೊಟ್ಟಿದ್ದರು. ಈಗ ಅಲ್ಲಿಂದಲೂ ಏಳಿಸುತ್ತಿದ್ದಾರೆ. 2022ರ ಜೂನ್‌ನಲ್ಲಿ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಮೇವಿನ ನೆಲಕ್ಕೆ ಗಡಿಕಲ್ಲು ನೆಡೋಕೆ ಹೋದಾಗ ಗುಂಡು, ಬಾಣ ಎರಡೂ ಹಾರಿದವು. ಒಬ್ಬ ಪೊಲೀಸ್ ಸತ್ತ, ಅನೇಕ ಮಸಾಯಿಗಳು ಗಾಯಗೊಂಡು ಗಡಿ ದಾಟಿ ಕೀನ್ಯಾಕ್ಕೆ ಓಡಿದರು.

ಅಪ್ಪನ ಎರಡನೇ ಪ್ರಶ್ನೆಗೆ ಉತ್ತರ ಇದು. ಹೌದು ಅಪ್ಪ, ಮೊದ್ಲು ಬಿಡ್ತಿದ್ರು.

ಇನ್ನು ಮೊದಲನೇ ಪ್ರಶ್ನೆ. ದನ ಎಲ್ಲಿ? ಓದುತ್ತಾ ಹೋದಂತೆ ಸಿಕ್ಕ ಉತ್ತರ ನನ್ನನ್ನೇ ಬೆಚ್ಚಿಬೀಳಿಸಿತು. ದನ ಪ್ರತಿ ಫೋಟೋದಲ್ಲೂ ಇದೆ.

2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ನೈಋತ್ಯ ಕೀನ್ಯಾದ ಬಯಲಿನಲ್ಲಿ ಅಲ್ಲಲ್ಲಿ ಹಸಿರು ಗುಂಡು ಗುಂಡು ಹುಲ್ಲುಪಟ್ಟಿಗಳಿವೆ. ಅಗೆದು ನೋಡಿದರೆ ಸುಮಾರು ಒಂದೂವರೆ ಸಾವಿರದಿಂದ ಮೂರು ಸಾವಿರದ ಏಳುನೂರು ವರ್ಷ ಹಿಂದಿನ ದನದ ದೊಡ್ಡಿಗಳ ಜಾಗ. ರಾತ್ರಿ ದನ ಕೂಡಿಹಾಕುತ್ತಿದ್ದಲ್ಲಿ ಬಿದ್ದ ಸಗಣಿ ಮಣ್ಣಿಗೆ ಸೇರಿ, ಸಾವಿರಾರು ವರ್ಷ ಕಳೆದರೂ ಅಲ್ಲಿನ ಹುಲ್ಲು ಸುತ್ತಲಿಗಿಂತ ಪುಷ್ಟಿಯಾಗಿದೆ. ಕಾಡುಪ್ರಾಣಿಗಳು ಅಲ್ಲಿಗೇ ಮೇಯೋಕೆ ಬರುತ್ತವೆ. ನಾವು 'ಮನುಷ್ಯ ಮುಟ್ಟದ ಬಯಲು' ಅಂತ ಕ್ಯಾಪ್ಷನ್ ಹಾಕೋದರಲ್ಲಿ ಎಷ್ಟೋ ಭಾಗ ಹಳೇ ತಿಪ್ಪೆ.

ಇನ್ನೊಂದು ರಿಂಡರ್‌ಪೆಸ್ಟ್ ಕಥೆ. ದನಗಳಿಗೆ ಬರುತ್ತಿದ್ದ ಮಾರಿರೋಗ. 1890ರ ದಶಕದಲ್ಲಿ ಪೂರ್ವ ಆಫ್ರಿಕಾದ ಹೆಚ್ಚುಕಡಿಮೆ ಎಲ್ಲ ದನಗಳನ್ನೂ ನುಂಗಿತು, ಜೊತೆಗೆ ವೈಲ್ಡ್‌ಬೀಸ್ಟ್, ಕಾಡೆಮ್ಮೆಗಳನ್ನೂ. ಆಮೇಲೂ ದಶಕಗಟ್ಟಲೆ ವೈಲ್ಡ್‌ಬೀಸ್ಟ್ ಕರುಗಳನ್ನು ಕೊಲ್ಲುತ್ತಲೇ ಇತ್ತು. ಕೀನ್ಯಾದ ಮುಗುಗಾದಲ್ಲಿ ವಾಲ್ಟರ್ ಪ್ಲೌರೈಟ್ ಒಳ್ಳೆಯ ಲಸಿಕೆ ಕಂಡುಹಿಡಿದರು, ಸೆರೆಂಗೆಟಿ ಸುತ್ತಲಿನ ದನಗಳಿಗೆ ಲಸಿಕೆ ಬಿತ್ತು. 1963ರ ಹೊತ್ತಿಗೆ ವೈಲ್ಡ್‌ಬೀಸ್ಟ್‌ಗಳಲ್ಲೂ ರೋಗ ಮಾಯ. ಮೂರು ಲಕ್ಷದೊಳಗಿದ್ದ ಅವುಗಳ ಸಂಖ್ಯೆ 1970ರ ದಶಕದ ಕೊನೆಗೆ ಸುಮಾರು 13 ಲಕ್ಷಕ್ಕೆ ಏರಿತು. ನಾವು ಲಕ್ಷಗಟ್ಟಲೆ ಖರ್ಚು ಮಾಡಿ ನೋಡಲು ಹೋಗೋ ಆ ಮಹಾವಲಸೆಯ ಗಾತ್ರ, ದನಗಾಹಿಗಳು ತಮ್ಮ ಹಸುಗಳನ್ನು ಸೂಜಿಗೆ ಹಿಡಿದು ನಿಲ್ಲಿಸಿದ್ದರ ಫಲ ಕೂಡ. ಯಾವ ಕ್ಯಾಪ್ಷನ್‌ನಲ್ಲಿ ಇದನ್ನು ಓದಿದ್ದೀರಿ?

'ಅಯ್ಯೋ, ಒಂದು ಫೋಟೋ ತೆಗೆಯೋಕೆ ಇಷ್ಟೆಲ್ಲ ಚರಿತ್ರೆ ಬೇಕಾ ಗುರೂ, ಯಾರಿಗೆ ಏನು ನಷ್ಟ?' ಅಂತ ನನ್ನ ಟೀಮಿನ ಹುಡುಗನೊಬ್ಬ ಕೇಳಿದ. ನಷ್ಟದ ಲೆಕ್ಕವೂ ಇದೆ. ಮಾರಾದ ಚೀತಾಗಳ ಬಗ್ಗೆ ಫೆಮ್ಕೆ ಬ್ರೂಖೌಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವಾಸಿಗರು ಕಡಿಮೆ ಇರೋ ಜಾಗದಲ್ಲಿ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿ ದೊಡ್ಡದು ಮಾಡುತ್ತೆ. ಪ್ರವಾಸಿಗರು ಹೆಚ್ಚಿರೋ ಜಾಗದಲ್ಲಿ 0.2. ಹುತ್ತದ ಮೇಲೆ ನಿಂತ ಚೀತಾ ನಮಗೆ ಪೋಸ್ ಕೊಡ್ತಿಲ್ಲ, ಬೇಟೆ ಹುಡುಕುತ್ತಿದೆ. ಅದರ ಮತ್ತು ಜಿಂಕೆಯ ನಡುವೆ ನಮ್ಮ ಗಾಡಿ ನಿಂತಿದೆ. ಮಾರಾ ಟ್ರಯಾಂಗಲ್‌ನಲ್ಲಿ ಒಂದು ಪ್ರಾಣಿಯ ಹತ್ತಿರ ಐದೇ ಗಾಡಿ ಅಂತ ನಿಯಮ ಇದೆ. ನಿಯಮ ಪಾಲಿಸೋ ಡ್ರೈವರ್‌ಗೆ ಟಿಪ್ಸ್ ಕಡಿಮೆ ಕೊಡೋರು ನಾವೇ.

ಹಕ್ಕಿಗಳ ಲೆಕ್ಕ ಇನ್ನೂ ವಿಚಿತ್ರ. ಮಾರಾ ನದಿಯಲ್ಲಿ ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್ ಮುಳುಗಿ ಸಾಯುತ್ತವೆ ಅಂತ 2017ರ ಒಂದು ಅಧ್ಯಯನ ಹೇಳುತ್ತೆ. ಮಾಂಸ ಮೀನಿಗೆ, ರಣಹದ್ದಿಗೆ, ಮರಬೂ ಕೊಕ್ಕರೆಗೆ. ಮೂಳೆ ಪೂರ್ತಿ ಕರಗೋಕೆ ಏಳು ವರ್ಷ, ಅಷ್ಟೂ ಕಾಲ ನದಿಗೆ ಗೊಬ್ಬರ. ನಾವು ಐದು ನಿಮಿಷದ ಧುಮುಕಾಟ ತೆಗೆದು ತಿಂಡಿ ಡಬ್ಬಿ ಬಿಚ್ಚುತ್ತೀವಿ. ನಿಜವಾದ ಕಥೆ ಮಾರನೇ ದಿನ ಶುರು. ಅಲ್ಲಿಗೆ ರಣಹದ್ದುಗಳು ಬರುತ್ತವೆ, ಒಂದು ಗಾಡಿಯೂ ಬರಲ್ಲ, ವಾಸನೆ. 2019ರಲ್ಲಿ ಬೋಟ್ಸ್ವಾನಾದಲ್ಲಿ ಮೂರು ಆನೆಗಳ ಶವಕ್ಕೆ ಕಳ್ಳಬೇಟೆಗಾರರು ವಿಷ ಹಾಕಿ 537 ರಣಹದ್ದುಗಳು ಒಂದೇ ಸಲಕ್ಕೆ ಸತ್ತವು. ಆಕಾಶದಲ್ಲಿ ಹದ್ದು ಸುತ್ತಿದರೆ ಕಾವಲುಗಾರರಿಗೆ ಸುಳಿವು ಸಿಗುತ್ತಲ್ಲ, ಅದಕ್ಕೆ. ರೋಲರ್‌ನ ಬಣ್ಣದ ರೆಕ್ಕೆಗೆ ಸಾವಿರ ಲೈಕು ಕೊಟ್ಟ ನಮಗೆ ಈ ಬೋಳುತಲೆಯ ಹಕ್ಕಿಯ ಒಂದು ಒಳ್ಳೆ ಫೋಟೋ ನೆನಪಾಗಲ್ಲ. ನನ್ನ ಎಂಬತ್ತರಲ್ಲೂ ಒಂದೂ ಇರಲಿಲ್ಲ.

ಹಾಗಾದರೆ ಹೋಗಲೇಬಾರದಾ? ಹಾಗೆ ಹೇಳೋದು ಸುಲಭ, ಆದರೆ ತಪ್ಪು. ಕೀನ್ಯಾದ ಕಡೆ ಮಾರಾ ರಿಸರ್ವ್ ಸುತ್ತ ಕನ್ಸರ್ವೆನ್ಸಿಗಳಿವೆ. ಮಸಾಯಿ ಕುಟುಂಬಗಳ ಹೆಸರಲ್ಲೇ ಇರೋ ಜಮೀನು. ಸಫಾರಿ ಕ್ಯಾಂಪಿನವರು ಅದಕ್ಕೆ ಬಾಡಿಗೆ ಕೊಡುತ್ತಾರೆ, ದುಡ್ಡು ಜಮೀನಿನವರ ಕೈಗೆ ಹೋಗುತ್ತೆ, ಗಾಡಿಗಳ ಸಂಖ್ಯೆಗೆ ಮಿತಿ, ಎಷ್ಟೋ ಕಡೆ ಸರದಿ ಪ್ರಕಾರ ದನ ಮೇಯಿಸೋಕೂ ಅವಕಾಶ. ಆ ಬಾಡಿಗೆ ನಿಂತರೆ ನಾಳೆ ಬೇಲಿ, ನಾಡಿದ್ದು ಗೋಧಿ ಹೊಲ. 1977ರಿಂದ 2016ರ ನಡುವೆ ಕೀನ್ಯಾದ ಬಯಲುಸೀಮೆಯ ಕಾಡುಪ್ರಾಣಿಗಳು ಸರಾಸರಿ ಶೇಕಡ 68ರಷ್ಟು ಕಡಿಮೆಯಾಗಿವೆ. ಅದೇ ಅವಧಿಯಲ್ಲಿ ಕುರಿ ಮೇಕೆ ಹೆಚ್ಚಾಗಿವೆ ಅನ್ನೋದೂ ನಿಜ. ಮೇಯಿಸೋರೆಲ್ಲ ಋಷಿಗಳು ಅಂತ ನಾನೂ ಹೇಳ್ತಿಲ್ಲ. ಮಾರಾದಲ್ಲಿ ವಿದೇಶಿಯೊಬ್ಬ ಜುಲೈಯಿಂದ ಡಿಸೆಂಬರ್‌ವರೆಗೆ ದಿನಕ್ಕೆ ಕೊಡೋ 200 ಡಾಲರ್ ಶುಲ್ಕದಿಂದ ಆ ಸೀಮೆಯ ಎಷ್ಟೋ ಕೆಲಸ ನಡೆಯುತ್ತೆ. ನಮ್ಮ ಕ್ಯಾಮೆರಾ ಆ ಬಯಲಿಗೆ ಬೇಕು. ನಮ್ಮ ಚೌಕಟ್ಟು ಮಾತ್ರ ಸುಳ್ಳು ಹೇಳಬಾರದು. ಖಾಲಿ ಬಯಲಿನ ಫೋಟೋ ನೋಡಿ ಬೆಳೆದ ಜನ, ಬಯಲನ್ನು ಖಾಲಿ ಮಾಡಿಸಿದರೆ ತಪ್ಪೇನು ಅಂತ ಕೇಳುತ್ತಾರೆ. ಆ ಮಾತು ಮಾರಾಕ್ಕೂ ಸಲ್ಲುತ್ತೆ, ನಮ್ಮೂರಿಗೂ ಸಲ್ಲುತ್ತೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು, ಇಂಜಿನಿಯರ್ ಬುದ್ಧಿಯದು. ಫೋಟೋ ಕೆಳಗೆ ಶಟರ್ ಸ್ಪೀಡು ಬರೆಯೋ ಜಾಗದಲ್ಲಿ ಇನ್ನೆರಡು ಕಾಲಂ ಸೇರಿಸೋಣ. ಸುತ್ತ ಎಷ್ಟು ಗಾಡಿ ಇದ್ದವು? ಈ ನೆಲ ಯಾರದು? ಕನ್ಸರ್ವೆನ್ಸಿಯ ಹೆಸರು ಬರೆದರೂ ಸಾಕು. ಮೊದಲನೆಯದನ್ನು ಬರೆಯೋಕೆ ನಾಚಿಕೆ ಆದರೆ ಮುಂದಿನ ಸಲ ಡ್ರೈವರ್‌ಗೆ 'ಬೇಡ ಬಿಡಿ, ಇಲ್ಲಿಂದ ಹೊರಡೋಣ' ಅಂತ ಹೇಳೋ ಧೈರ್ಯ ಬರಬಹುದು. ಸ್ಪರ್ಧೆಯವರು ನೇಚರ್ ವಿಭಾಗಕ್ಕೆ ತೆಗೆದುಕೊಳ್ಳದಿದ್ದರೆ ಬೇಡ.

ನನ್ನದರಿಂದಲೇ ಶುರು ಮಾಡಿದೆ. ಆಫೀಸಿನ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದಿದ್ದ ಜಿರಾಫೆ ಫೋಟೋದ ಮೂಲ ಫೈಲ್ ತೆಗೆದೆ. ಕ್ರಾಪ್ ರದ್ದು ಮಾಡಿದೆ. ಎಡಗಡೆ ಕತ್ತಲಲ್ಲಿದ್ದ ಮೂಲೆ ಬಿಚ್ಚಿಕೊಂಡಿತು. ಕೆಂಪು ಶುಕಾ ಹೊದ್ದ ಹನ್ನೆರಡು ಹದಿಮೂರು ವರ್ಷದ ಹುಡುಗ, ಹೆಗಲ ಮೇಲೆ ಅಡ್ಡಕೋಲು, ಎರಡೂ ಕೈ ಅದರ ಮೇಲೆ. ಅವನ ಹಿಂದೆ ಇಪ್ಪತ್ತು ದನ. ಜಿರಾಫೆ ಅವನನ್ನೇ ನೋಡ್ತಿತ್ತು. ಕ್ರಾಪ್ ಆದ ಚಿತ್ರದಲ್ಲಿ ಅದು ಶೂನ್ಯ ನೋಡ್ತಿದೆ ಅಂದುಕೊಂಡು ಜಡ್ಜ್ ಒಬ್ಬರು 'ಅಂತರ್ಮುಖಿ ನೋಟ' ಅಂತ ಹೊಗಳಿದ್ದರು. ಗಾಡಿ: 1. ನೆಲ: ಮಸಾಯಿಗಳದ್ದು.

ಹೋದ ತಿಂಗಳು ಊರಿಗೆ ಹೋದಾಗ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ. ಅಪ್ಪ ಕನ್ನಡಕ ಹಾಕಿಕೊಂಡು ಜಿರಾಫೆಯನ್ನು ಪೂರ್ತಿ ದಾಟಿ ಮೂಲೆಗೆ ಬಂದ. ತುಂಬ ಹೊತ್ತು ನೋಡಿದ.

'ಇವ್ಕೂ ಡುಬ್ಬ ಅದಲ್ಲ' ಅಂದ. 'ನಮ್ ದನದಂಗೇ.'

ಆಮೇಲೆ ಬೆರಳಿಟ್ಟು ಎಣಿಸೋಕೆ ಶುರು ಮಾಡಿದ. ಹತ್ತೊಂಬತ್ತಕ್ಕೆ ನಿಲ್ಲಿಸಿ, ಫೋಟೋದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋದ ಒಂದು ಬಾಲ ತೋರಿಸಿ ಕೇಳಿದ: 'ಇದ್ಯಾಕ್ಲಾ ಪೂರ್ತಿ ತಗೀಲಿಲ್ಲ?'